ನಾಲ್ಕನೇ ಪೀರಿಯಡ್

ಬಾಳೆಲೆಯಿಂದ ಮೂರು ಮೈಲಿ, ಡಾಂಬರು ಮುಗಿಯುವಲ್ಲಿ ಶಾಲೆ.
ಇಪ್ಪತ್ತೆರಡು ವರ್ಷದಿಂದ ಅಲ್ಲಿ ನನ್ನ ಹೆಸರು ಗಣಿತ.
ಮಕ್ಕಳು ಹಾಗೆಯೇ ಹೇಳುತ್ತಾರೆ:
ಗಣಿತ ಬಂತು, ಓಡಿ.

ಕೂಡಿಗೆಯ ತರಬೇತಿಗೆ ಹೋದದ್ದು ಹನ್ನೊಂದು ಸಲ.
ಸಹಿ, ಚಹಾ, ಎರಡು ಬಿಸ್ಕತ್ತು, ಒಂದು ನೀಲಿ ಫೈಲು,
ಗುಂಪುಚರ್ಚೆ, ಸ್ಕೆಚ್ ಪೆನ್ನು, ವಂದನಾರ್ಪಣೆ.
ಫೈಲುಗಳು ಬೀರುವಿನ ಮೇಲಿವೆ.
ಒಂದರಲ್ಲಿ ಇಲಿ ಮರಿ ಹಾಕಿತ್ತು;
ಅದರ ಮಟ್ಟಿಗೆ ಬಲು ಉಪಯುಕ್ತ ಕಾರ್ಯಾಗಾರ.

ಆ ಜೂನಿಗೆ ಬಂದರು ಹೊಸ ಹೆಡ್‌ಮಿಸ್, ದೇಚಮ್ಮ.
ಮೊದಲ ವಾರವೇ ನನ್ನ ಐದನೇ ಕ್ಲಾಸಿಗೆ ಬಂದು
ಹಿಂದಿನ ಬೆಂಚಿನಲ್ಲಿ ಕೂತರು, ಹಾಡಿಯ ಬೊಳ್ಳಿಯ ಪಕ್ಕ.
ಕೈಯಲ್ಲಿ ರಿಜಿಸ್ಟರಿಲ್ಲ, ಪೆನ್ನಿಲ್ಲ.
ನನಗೋ ಬೆನ್ನೆಲ್ಲ ಬೆವರು.
ಇನ್‌ಸ್ಪೆಕ್ಟರು ಬಂದರೆ ಏನು ಮಾಡಬೇಕೆಂದು ಗೊತ್ತು:
ಜಾಣರನ್ನು ಎಬ್ಬಿಸಬೇಕು, ಬೋರ್ಡಿಗೆ ದಿನಾಂಕ ಬರೆಯಬೇಕು.
ಸುಮ್ಮನೆ ಕೂತವರ ಮುಂದೆ ಏನು ಮಾಡುವುದು?

ಮೂರನೇ ಒಂದು ದೊಡ್ಡದೋ, ನಾಲ್ಕನೇ ಒಂದು ದೊಡ್ಡದೋ?
ಬೊಳ್ಳಿ ಎದ್ದಳು: ನಾಲ್ಕನೇ ಒಂದು, ಸಾರ್.
ತಪ್ಪು, ಕೂತುಕೋ, ಎಂದೆ.
ಕೂತಳು.

ಗಂಟೆ ಹೊಡೆದ ಮೇಲೆ ದೇಚಮ್ಮ ಕೇಳಿದ್ದು ಇಷ್ಟೇ:
"ಆ ಹುಡುಗಿ ಹಾಗೇಕೆ ಹೇಳಿದಳು, ಪೆಮ್ಮಯ್ಯ ಮಾಷ್ಟ್ರೇ?"
ಗೊತ್ತಿಲ್ಲ, ಎಂದೆ.
ಶಾಲೆಯೊಳಗೆ ನಾನು ಆ ಮಾತು ಆಡಿದ್ದು ಅದೇ ಮೊದಲು.
"ನನಗೂ ಗೊತ್ತಿಲ್ಲ," ನಕ್ಕರು ಅವರು,
"ರಝೀನಾಳ ಕ್ಲಾಸು ಒಮ್ಮೆ ನೋಡೋಣ."

ರಝೀನಾ! ಕೊಂಡಂಗೇರಿಯ ಹುಡುಗಿ, ಅತಿಥಿ ಶಿಕ್ಷಕಿ,
ಮೂರು ತಿಂಗಳಿಗೊಮ್ಮೆ ಸಂಬಳ ಬಂದರೆ ಬಂತು.
ನನಗೆ ಅವಳು ತೋರಿಸುವುದೇನು?

ಬುಧವಾರದ ನಾಲ್ಕನೇ ಪೀರಿಯಡ್ ನನ್ನ ಪಾಲಿಗೆ ಬಿಡುವಾಯಿತು.
ಐದನೇ ಕ್ಲಾಸನ್ನು ದೇಚಮ್ಮ ತಾವೇ ಹೊತ್ತರು.
ಮೇಜಿನ ಮೇಲೆ ಬಿಸಿಯೂಟದ ಲೆಕ್ಕ ಕಾಯುತ್ತಿತ್ತು;
ಕಾಯಲಿ, ಎಂದರು.
ನಾನು ಹೋಗಿ ಕೂತೆ, ಮೊಣಕಾಲು ಗದ್ದಕ್ಕೆ ತಾಗುವ ಬೆಂಚಿನಲ್ಲಿ.

ಅವಳು ಸೀಮೆಸುಣ್ಣ ಮುಟ್ಟಲಿಲ್ಲ.
ಒಂದು ಚೀಲ ಚೆರಿ ಮಿಲ್ಲಿಗೆ ಹೋದರೆ ಔಟ್‌ಟರ್ನ್ ಎಷ್ಟು?
ಲೈನ್‌ಮನೆಯ ಮಕ್ಕಳೆಲ್ಲ ಒಟ್ಟಿಗೆ:
ಅರ್ಧಕ್ಕಿಂತ ಒಂಚೂರು ಮೇಲೆ, ಮಿಸ್!
ಕಣದಲ್ಲಿ ನೆನೆದಿದ್ದರೆ ಅಷ್ಟೂ ಇಲ್ಲ!
ಸರಿ, ಒಂದು ಚೀಲ ಮೂವರು ಹಂಚಿಕೊಳ್ಳುವಾಗ
ಆನೆ ಅಟ್ಟಿ ಓಡಿಬಂದ ನಾಲ್ಕನೆಯವನೂ ಪಾಲು ಕೇಳಿದರೆ
ಯಾರ ಪಾಲು ಸಣ್ಣದಾಗುತ್ತದೆ?
"ಎಲ್ಲರದೂ!"
ನಾನೂ ಕೈಯೆತ್ತಲು ಹೋಗಿ
ತಲೆ ಕೆರೆದುಕೊಂಡೆ.

ಆಮೇಲೆ ಶನಿವಾರಗಳು.
ಮಕ್ಕಳು ಹೋದ ಮೇಲೆ ಬೆಲ್ಲದ ಕಾಫಿ, ಐದು ಕುರ್ಚಿ,
ಒಬ್ಬೊಬ್ಬರೂ ತರಬೇಕು ಆ ವಾರ ಕೆಟ್ಟ ಒಂದು ಪಾಠ.
ಮೊದಲು ದೇಚಮ್ಮ ತಮ್ಮದನ್ನೇ ಹರವಿದರು:
ನನ್ನ ಕ್ಲಾಸಿನಲ್ಲಿ ಅವರು ಹೇಗೆ ಮುಗ್ಗರಿಸಿದರು,
ಹುಡುಗರು ಹೇಗೆ ಆಕಳಿಸಿದರು.
ಕಣದ ಕಾಫಿ ದಿನಕ್ಕೆ ನಾಲ್ಕು ಸಲ ಕೆದಕದಿದ್ದರೆ
ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ;
ನನ್ನ ಅಡಿ ನೋಡಿದವರು ಯಾರೂ ಇರಲಿಲ್ಲ.

ಎಲ್ಲ ಶನಿವಾರವೂ ಕೂಡಿಬರಲಿಲ್ಲ ಅನ್ನಿ.
ದಾರಿಯಲ್ಲಿ ಆನೆ, ಆಫೀಸಿನಿಂದ ತುರ್ತು ಅಂಕಿಅಂಶ,
ಕನ್ನಡದ ಮೇಡಮ್ಮಿಗೂ ನನಗೂ ಒಂದು ಜಗಳ.
ರಝೀನಾಳ ಬಿ.ಎಡ್. ಪರೀಕ್ಷೆಗೆ ಹತ್ತು ದಿನ
ಅವಳ ಕ್ಲಾಸುಗಳನ್ನು ನಾವು ನಾಲ್ವರು ಹಂಚಿಕೊಂಡೆವು.
ಮಾರ್ಚಿಗೆ ಅವಳ ಆದೇಶ ಮುಗಿಯುತ್ತದೆ.
ಮುಂದಿನ ಜೂನಿಗೆ ಯಾರು? ಶಾಲೆಗೆ ಗೊತ್ತಿಲ್ಲ.

ಮೊನ್ನೆ ಮತ್ತೆ ಅದೇ ಪ್ರಶ್ನೆ, ಅದೇ ಬೊಳ್ಳಿ, ಅದೇ ಉತ್ತರ.
ಯಾಕೆ? ಕೇಳಿದೆ.
ಅವಳು ಗಾಬರಿಬಿದ್ದು ನೋಡಿದಳು:
ಕೂತುಕೊಳ್ಳಲಾ, ಸಾರ್?
ಬೇಡ, ನೀನು ಬೋರ್ಡಿನ ಹತ್ತಿರ ಹೋಗು,
ಎಂದು ನಾನು ಅವಳ ಜಾಗದಲ್ಲಿ ಕೂತೆ.